ಠರಾವಿನ ಹಿಂದೆ ನಿಂತವರು

ತೀರ್ಥಹಳ್ಳಿಗೆ ಪಶ್ಚಿಮದಲ್ಲಿ, ದಟ್ಟವಾದ ಕಾಡಿನ ನಡುವೆ ಮೂರು ಸುತ್ತಿನ ಕಲ್ಲುಕೋಟೆಯನ್ನು ಹೊತ್ತು ನಿಂತಿರುವ ಕವಲೇದುರ್ಗವು, ಭುವನಗಿರಿದುರ್ಗವೆಂಬ ಹೆಸರಿನಿಂದ ಕೆಳದಿಯ ಅರಸರಿಗೆ ಬಲವಾದ ನೆಲೆಯಾಗಿದ್ದಿತು. ಆ ಮನೆತನ ಅಳಿದು, ಹೈದರನ ಕಾಲವೂ ಕಳೆದು, 19ನೆಯ ಶತಮಾನವು ಬಂದಾಗಲೂ ಇಂದಿನ ತೀರ್ಥಹಳ್ಳಿ ತಾಲ್ಲೂಕು ಸರಕಾರದ ದಫ್ತರಗಳಲ್ಲಿ ಕವಲೇದುರ್ಗ ತಾಲ್ಲೂಕೆಂದೇ ಬರೆಯಲ್ಪಡುತ್ತಿತ್ತು. ಈ ದುರ್ಗವನ್ನು ನಡುವಿಟ್ಟುಕೊಂಡು ಹಬ್ಬಿರುವ ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಾಡಿನಲ್ಲಿ ಒಂದು ದಶಕಕ್ಕೂ ಮಿಕ್ಕಿದ ಕಾಲದಿಂದ ಒಂದೇ ಪ್ರಶ್ನೆಯು ಗ್ರಾಮಸಭೆಗಳ ಮುಂದೆ ಮತ್ತೆ ಮತ್ತೆ ಬಂದು ನಿಲ್ಲುತ್ತಿದೆ: ನಮ್ಮ ಊರು ಪಶ್ಚಿಮಘಟ್ಟದ ಪರಿಸರಸೂಕ್ಷ್ಮ ಪ್ರದೇಶದೊಳಗೆ ಸೇರಬೇಕೆ, ಬೇಡವೆ? ಉತ್ತರವು ಬಹುಮಟ್ಟಿಗೆ ‘ಬೇಡ’ ಎಂದೇ ಬಂದಿದೆ. ಆ ಉತ್ತರವು ಸರಿಯೋ ತಪ್ಪೋ ಎಂಬುದನ್ನು ಇಲ್ಲಿ ವಿಚಾರಿಸುವ ಉದ್ದೇಶ ನನಗಿಲ್ಲ. ಆ ‘ಬೇಡ’ವನ್ನು ನುಡಿದವರು ಯಾರು, ‘ಬೇಕು’ ಎಂದು ನುಡಿಯಬಯಸಿದವರು ಯಾರು, ನುಡಿಯದೆ ಮನೆಗೆ ಮರಳಿದವರು ಯಾರು ಎಂಬ ಪ್ರಶ್ನೆಯೇ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವುದು.

ವಿಷಯದ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳಬೇಕು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞಸಮಿತಿಯು 2011ರ ಆಗಸ್ಟಿನಲ್ಲಿ ತನ್ನ ವರದಿಯನ್ನು ಕೇಂದ್ರ ಸರಕಾರಕ್ಕೆ ಒಪ್ಪಿಸಿತು. ಯಾವ ಪ್ರದೇಶವನ್ನು ಯಾವ ಮಟ್ಟಿಗೆ ರಕ್ಷಿಸಬೇಕೆಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸತಕ್ಕದ್ದೆಂಬುದು ಆ ವರದಿಯ ತಿರುಳು; ಆದರೆ ವಿಧಿಯ ವೈಚಿತ್ರ್ಯವೆನ್ನುವಂತೆ, ಗ್ರಾಮಸ್ಥರ ಮುಂದಿಡಬೇಕೆಂದಿದ್ದ ಆ ವರದಿಯೇ ಸಾರ್ವಜನಿಕರ ಕಣ್ಣಿಗೆ ಬೀಳಲು ಕೇಂದ್ರ ಮಾಹಿತಿ ಆಯೋಗದ ಆಜ್ಞೆಯೂ ದೆಹಲಿಯ ಉಚ್ಚ ನ್ಯಾಯಾಲಯದ ತೀರ್ಪೂ ಬೇಕಾಗಿ, 2012ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಅನಂತರ ಕೆ. ಕಸ್ತೂರಿರಂಗನ್ನರ ನೇತೃತ್ವದ ಮತ್ತೊಂದು ಸಮಿತಿ ಬಂದಿತು. 2013ರ ಏಪ್ರಿಲಿನಲ್ಲಿ ಅದರ ವರದಿ. 2014ರ ಮಾರ್ಚ್ 10ರಂದು ಮೊದಲನೆಯ ಕರಡು ಅಧಿಸೂಚನೆ. ಆರು ರಾಜ್ಯಗಳಲ್ಲಿ 56,825 ಚದರ ಕಿಲೋಮೀಟರು, ಅದರಲ್ಲಿ ಕರ್ನಾಟಕದ ಪಾಲು ಎಲ್ಲಕ್ಕಿಂತ ಹೆಚ್ಚಾಗಿ 20,668. ಆ ಕರಡು ಅಂತಿಮವಾಗದೆ 2015, 2017, 2018, 2022 ಎಂದು ಪುನಃಪುನಃ ಹೊರಬಿದ್ದು, ವಯನಾಡಿನ ಭೂಕುಸಿತದ ಮರುದಿನ, ಅಂದರೆ 2024ರ ಜುಲೈ 31ರಂದು, ಆರನೆಯ ಬಾರಿಗೆ ಪ್ರಕಟವಾಯಿತು. ಪ್ರತಿಸಾರಿಯೂ ಆಕ್ಷೇಪಣೆಗೆ 60 ದಿನ; ಪ್ರತಿಸಾರಿಯೂ ಮಲೆನಾಡಿನಿಂದ ವಿರೋಧದ ಠರಾವುಗಳು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವಸಂಪುಟವೂ ಆ ಕರಡನ್ನು ತಿರಸ್ಕರಿಸಿತು.

ಗ್ರಾಮಸಭೆಯೆಂಬುದು ಸಾಮಾನ್ಯವಾದ ಸಂಸ್ಥೆಯಲ್ಲ. 1993ರ ಏಪ್ರಿಲ್ 24ರಿಂದ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು, ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬನನ್ನೂ ಪ್ರತಿಯೊಬ್ಬಳನ್ನೂ ಅದರ ಸದಸ್ಯರೆಂದು ಹೇಳಿದೆ. ಪ್ರತಿನಿಧಿಯ ಮಧ್ಯಸ್ಥಿಕೆಯಿಲ್ಲದೆ ಪ್ರಜೆಯು ತಾನೇ ಕುಳಿತು ಒಂದು ಪ್ರಶ್ನೆಗೆ ‘ಹೌದು’ ಅಥವಾ ‘ಅಲ್ಲ’ ಎನ್ನಬಹುದಾದ ಪೀಠ ನಮ್ಮ ರಾಜ್ಯವ್ಯವಸ್ಥೆಯಲ್ಲಿ ಇದೊಂದೇ. ಕರ್ನಾಟಕದ ಕಾಯಿದೆಯಂತೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಿದರೆ ಕೋರಂ ಆಯಿತು. ನೋಡಲ್ ಅಧಿಕಾರಿ ಬಂದಿರುತ್ತಾರೆ, ಪಿ.ಡಿ.ಒ. ನಡಾವಳಿಯನ್ನು ಬರೆಯುತ್ತಾರೆ, ಮೈಕಿನಲ್ಲಿ ವಿಷಯವನ್ನು ಓದಿ ‘ಎಲ್ಲರದ್ದೂ ಒಪ್ಪಿಗೆಯಷ್ಟೆ?’ ಎಂದು ಕೇಳಲಾಗುತ್ತದೆ. ಮುಂದಿನ ಸಾಲಿನಿಂದ ಒಂದಿಷ್ಟು ಧ್ವನಿಗಳು, ಒಂದಿಷ್ಟು ಕೈಗಳು ಮೇಲೇಳುತ್ತವೆ. ‘ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು’ ಎಂಬ ವಾಕ್ಯವು ಪುಸ್ತಕವನ್ನು ಸೇರುತ್ತದೆ. ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿಯಿಂದ ಹಿಡಿದು ಸಹ್ಯಾದ್ರಿಯ ಭವಿಷ್ಯದವರೆಗೆ ಎಲ್ಲಕ್ಕೂ ಅದೊಂದೇ ವಾಕ್ಯ ಸಾಲುತ್ತದೆ.

ಆದರೆ ಆ ಒಂದು ವಾಕ್ಯದ ಒಳಗೆ ಎಷ್ಟು ಬಗೆಯ ಮನುಷ್ಯರು ಅಡಗಿದ್ದಾರೆಂಬುದನ್ನು ಈ ಮೂರು ತಾಲ್ಲೂಕುಗಳನ್ನು ಬಲ್ಲವರು ಸುಲಭವಾಗಿ ಊಹಿಸಬಲ್ಲರು. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಹೊಲಮನೆಗಳನ್ನು ಬಿಟ್ಟುಕೊಟ್ಟು ಬಂದು, ಕಾಡಿನ ಅಂಚಿನಲ್ಲಿ ಮತ್ತೊಮ್ಮೆ ಬದುಕು ಕಟ್ಟಿ, ಮೂರನೆಯ ತಲೆಮಾರಿಗೂ ಹಕ್ಕುಪತ್ರ ಕೈಸೇರದೆ ಇರುವ ಸಂತ್ರಸ್ತನಿಗೆ ‘ಸೂಕ್ಷ್ಮ ಪ್ರದೇಶ’ವೆಂಬ ಮಾತು ಮತ್ತೊಂದು ಒಕ್ಕಲೆಬ್ಬಿಸುವಿಕೆಯ ಮುನ್ಸೂಚನೆಯಾಗಿ ಕೇಳುತ್ತದೆ, ಅವನ ಭಯಕ್ಕೆ ಅನುಭವದ ಆಧಾರವಿದೆ. ಬಗರ್‌ಹುಕುಂ ಅರ್ಜಿಯನ್ನು ಹಾಕಿ ಕಾದಿರುವ ಎರಡೆಕರೆಯ ರೈತನ ಭಯವೂ ಅಂಥದೇ. ತಲೆತಲಾಂತರದಿಂದ ಸೊಪ್ಪಿನಬೆಟ್ಟವನ್ನು ನಂಬಿ ಅಡಕೆತೋಟವನ್ನು ಮಾಡಿದವನಿಗೆ, ನಾಳೆ ಸೊಪ್ಪು ತರುವುದಕ್ಕೂ ಅರಣ್ಯ ಇಲಾಖೆಯ ಅಪ್ಪಣೆ ಬೇಕಾದೀತೆಂಬ ಸಂಶಯ. ಇವರ ಪಕ್ಕದಲ್ಲಿಯೇ, ಇವರದೇ ಧ್ವನಿಯಲ್ಲಿ ‘ಬೇಡ’ ಎನ್ನುವವರು ಬೇರೆ ಇದ್ದಾರೆ: ಜಂಬಿಟ್ಟಿಗೆಯ ಕ್ವಾರಿಯನ್ನು ನಡೆಸುವವರು, ಹೊಳೆಯ ಮರಳನ್ನು ಸಾಗಿಸುವವರು, ಗುಡ್ಡವನ್ನು ಸಮಮಾಡಿ ರೆಸಾರ್ಟು ಕಟ್ಟಲು ಹೊರಟವರು. ಕರಡು ಅಧಿಸೂಚನೆಯನ್ನು ಓದಿ ನೋಡಿದರೆ, ಅದು ನೇರವಾಗಿ ನಿಷೇಧಿಸುವುದು ಈ ಎರಡನೆಯ ಗುಂಪಿನಲ್ಲಿ ಹಲವರ ಉದ್ಯೋಗವನ್ನು. ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡದಾದ ಕಟ್ಟಡ, ಇವು ನಿಷಿದ್ಧ. ಬೇಸಾಯವನ್ನಾಗಲಿ, ತೋಟವನ್ನಾಗಲಿ, ಆಸ್ತಿಯ ಕ್ರಯವಿಕ್ರಯವನ್ನಾಗಲಿ ಅದು ತಡೆಯುವುದಿಲ್ಲ. ಅರಣ್ಯಹಕ್ಕು ಕಾಯಿದೆಯ ಪ್ರಕಾರ ಗ್ರಾಮಸಭೆಯ ಪೂರ್ವಸಮ್ಮತಿಯನ್ನು ಕಟ್ಟುನಿಟ್ಟಾಗಿ ಪಡೆಯತಕ್ಕದ್ದೆಂಬ ಮಾತೂ ಅದರಲ್ಲಿದೆ. ಹಾಗೆಂದು ಸಂತ್ರಸ್ತನ ಭಯವು ನಿರಾಧಾರವೆಂದು ನಾನು ಹೇಳಲಾರೆ, ಏಕೆಂದರೆ ಕಾಗದದ ಮೇಲಣ ಅಭಯಕ್ಕೂ ಚೆಕ್‌ಪೋಸ್ಟಿನ ಮುಂದಣ ನಡತೆಗೂ ಇರುವ ಅಂತರವನ್ನು ಮಲೆನಾಡಿನವನು ಚೆನ್ನಾಗಿ ಬಲ್ಲನು. ಎರಡೆಕರೆಯವನ ‘ಬೇಡ’ವೂ ಕ್ವಾರಿಯವನ ‘ಬೇಡ’ವೂ ಒಂದೇ ಅಲ್ಲವೆಂಬುದಷ್ಟೇ ನನ್ನ ಮಾತು, ಮೊದಲನೆಯದಕ್ಕೆ ಹಕ್ಕುಪತ್ರವನ್ನು ಕೊಡುವುದು ಪರಿಹಾರ, ಎರಡನೆಯದಕ್ಕೆ ಅದು ಪರಿಹಾರವಲ್ಲ. ಸರ್ವಾನುಮತದ ಠರಾವು ಈ ಎರಡನ್ನೂ ಬೆರೆಸಿ, ಬಡವನ ಕಣ್ಣೀರನ್ನು ಬಲ್ಲಿದನ ಅರ್ಜಿಗೆ ಮೊಹರಾಗಿ ಒತ್ತಿಬಿಡುತ್ತದೆ.

‘ಬೇಕು’ ಎನ್ನುವವರೂ ಊರಿನಲ್ಲಿ ಇದ್ದೇ ಇದ್ದಾರೆ. ಮಳೆಗಾಲದಲ್ಲಿ ಗುಡ್ಡದ ಮಣ್ಣು ಗದ್ದೆಗೆ ಜಾರಿದುದನ್ನು ಕಂಡವರು, ಬೇಸಗೆಯಲ್ಲಿ ಹಳ್ಳವು ಬತ್ತಿದುದನ್ನು ಕಂಡವರು, ಕ್ವಾರಿಯ ಲಾರಿಗಳ ಧೂಳನ್ನು ಕುಡಿಯುವವರು ಅಲ್ಲಿ ಕುಳಿತಿರುತ್ತಾರೆ. ಆದರೆ ಅವರ ಕೈ ಮೇಲೇಳುವುದಿಲ್ಲ. ನೆಂಟರು, ಕೆಲಸ ಕೊಡುವವರು, ಸೊಸೈಟಿಯ ಸಾಲಕ್ಕೆ ಜಾಮೀನು ನಿಂತವರು ಎದುರಿಗೇ ಕುಳಿತಿರುವಾಗ ದಾಕ್ಷಿಣ್ಯವು ಮನುಷ್ಯನ ಕೈಯನ್ನು ಹಿಡಿದುಬಿಡುತ್ತದೆ. ರಾಜಕೀಯದ ವಿಷಯದಲ್ಲಂತೂ ಎರಡು ಪಕ್ಷಗಳೆಂಬುದೇ ಇಲ್ಲವಾಗಿದೆ. 2022ರಲ್ಲಿ ಅಂದಿನ ಗೃಹಸಚಿವರಾದ ತೀರ್ಥಹಳ್ಳಿಯ ಆರಗ ಜ್ಞಾನೇಂದ್ರರ ನೇತೃತ್ವದಲ್ಲಿ ಮಲೆನಾಡಿನ ಶಾಸಕರ ನಿಯೋಗವು ದೆಹಲಿಗೆ ಹೋಗಿ ವಿರೋಧವನ್ನು ತಿಳಿಸಿತು. ಎರಡು ವರ್ಷಗಳ ಅನಂತರ ಎದುರು ಪಕ್ಷದ ಸರಕಾರವೂ ಅದನ್ನೇ ಹೇಳಿತು. ಎಲ್ಲರೂ ಒಂದೇ ಮಾತನ್ನು ಆಡುವಾಗ ಜನರಿಗೆ ಇನ್ನೊಂದು ಮಾತು ಇದೆಯೆಂಬುದೇ ತಿಳಿಯದೆ ಹೋಗುತ್ತದೆ. ಕೇರಳವು ಹೀಗೆ ಒಟ್ಟಾಗಿ ‘ಬೇಡ’ ಎನ್ನದೆ, ಊರೂರಿನಲ್ಲಿ ನೆಲವನ್ನು ಪರಿಶೀಲಿಸಿ, 13,108 ಚದರ ಕಿಲೋಮೀಟರಿನ ತನ್ನ ಪಾಲನ್ನು 9,993.7ಕ್ಕೆ ಇಳಿಸಿಕೊಂಡಿತೆಂಬುದನ್ನು ನೆನೆದರೆ, ವಿವರವಾದ ಮಾತಿಗೆ ಇರುವ ಬಲವು ತಿಳಿದೀತು.

ಈ ನಾಡು ಮೊದಲಿನಿಂದಲೂ ಹೀಗೆ ಮುಖ ಮರೆಸಿಕೊಂಡು ಮಾತಾಡಿದ ನಾಡಲ್ಲ. 1830ರಲ್ಲಿ, ಈ ಸೀಮೆಯನ್ನೊಳಗೊಂಡಿದ್ದ ನಗರ ಫೌಜುದಾರಿಯ ರೈತರು ಕಂದಾಯದ ಭಾರವನ್ನೂ ಅಮಲ್ದಾರರ ಅನ್ಯಾಯವನ್ನೂ ತಾಳಲಾರದೆ ಕೂಟಗಳನ್ನು ಕಟ್ಟಿಕೊಂಡರು. ಊರಿಂದೂರಿಗೆ ಓಲೆಗಳು ಹೋದವು. ಯಾವ ಊರಿನವರು ಕೂಟದೊಡನೆ, ಯಾವ ಊರಿನವರು ಅರಸನ ಅಧಿಕಾರಿಗಳೊಡನೆ ಎಂಬುದು ಗುಟ್ಟಾಗಿರಲಿಲ್ಲ. ಆ ದಂಗೆಯು ಮುಂದೆ, ಕೆಳದಿಯ ಗದ್ದುಗೆಗೆ ಬೂದಿಬಸಪ್ಪನು ಮಾಡಿದ ಹಕ್ಕುಸಾಧನೆಯೊಡನೆ ಬೆರೆತು ರಕ್ತಪಾತವಾಗಿ, 1831ರಲ್ಲಿ ಮೈಸೂರಿನ ಆಡಳಿತವೇ ಇಂಗ್ಲಿಷರ ಕೈಗೆ ಹೋಯಿತೆಂಬುದು ಇತಿಹಾಸ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿಯ ಭತ್ತವನ್ನಳೆಯುವ ಕೊಳಗದ ಗಾತ್ರದ ವಿಷಯವಾಗಿ ಎದ್ದ ಸತ್ಯಾಗ್ರಹದಲ್ಲಿಯೂ ಹಾಗೆಯೇ: ಗೇಣಿದಾರರ ಕಡೆ ಎಚ್. ಗಣಪತಿಯಪ್ಪನವರು ನಿಂತರು, ಶಾಂತವೇರಿ ಗೋಪಾಲಗೌಡರೂ ಸಮಾಜವಾದಿಗಳೂ ಸೇರಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಒಡೆಯರ ಕಡೆ ಯಾರಿದ್ದರೆಂಬುದೂ ಎಲ್ಲರಿಗೂ ತಿಳಿದಿದ್ದಿತು. ಹೀಗೆ ಎರಡು ಕಡೆಯೂ ಹಗಲಿನಲ್ಲಿ ನಿಂತುದರಿಂದಲೇ ಆ ಪ್ರಶ್ನೆಯು ಮುಚ್ಚಿಹೋಗದೆ, 1974ರ ಭೂಸುಧಾರಣೆಯವರೆಗೆ ಬೆಳೆದು ಉತ್ತರವನ್ನು ಪಡೆಯಿತು. 1964ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿನ ವಿಷಯದಲ್ಲಿಯಾದರೋ ಮುಳುಗಿದ ಊರುಗಳನ್ನು ಯಾರೂ ಮತ ಕೇಳಲಿಲ್ಲ. ಆ ಕೇಳದಿದ್ದ ಪ್ರಶ್ನೆಯ ಫಲವನ್ನು ಇಂದಿಗೂ ಅನುಭವಿಸುತ್ತಿದ್ದೇವೆ.

ಮತ ಕೇಳಿದ ಪ್ರಸಂಗವೊಂದು ನಮ್ಮ ನೆರೆಯಲ್ಲಿಯೇ ಉಂಟು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ. ಗೋವೆಯು ಮಹಾರಾಷ್ಟ್ರದೊಡನೆ ವಿಲೀನವಾಗಬೇಕೆ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೆ ಎಂಬುದನ್ನು ತಿಳಿಯಲು ಸಂಸತ್ತು 1966ರಲ್ಲಿ ಪ್ರತ್ಯೇಕವಾದ ಕಾಯಿದೆಯನ್ನು ಮಾಡಿತು. 1967ರ ಜನವರಿ 16ರಂದು ಮತದಾನ ನಡೆಯಿತು. ವಿಲೀನಕ್ಕೆ ಹೂವಿನ ಚಿಹ್ನೆ, ಪ್ರತ್ಯೇಕವಾಗಿ ಉಳಿಯುವುದಕ್ಕೆ ಎರಡೆಲೆಯ ಚಿಹ್ನೆ. ಹೂವಿನ ಹಿಂದೆ ಅಂದಿನ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರರೂ ಅವರ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷವೂ ನಿಂತಿದ್ದುವು. ಎಲೆಯ ಹಿಂದೆ ಜ್ಯಾಕ್ ಡಿ ಸಿಕ್ವೇರಾ ಅವರ ಯುನೈಟೆಡ್ ಗೋವನ್ಸ್ ಪಕ್ಷವೂ, ‘ರಾಷ್ಟ್ರಮತ’ವೆಂಬ ಮರಾಠಿ ದಿನಪತ್ರಿಕೆಯೂ ನಿಂತಿದ್ದುವು. ಮುಖ್ಯಮಂತ್ರಿಯೇ ಒಂದು ಕಡೆಯ ನಾಯಕನಾಗಿರುವಾಗ ಮತದಾನವು ನಿಷ್ಪಕ್ಷಪಾತವಾಗಿ ನಡೆದೀತೆ ಎಂಬ ಆಕ್ಷೇಪವು ಬಂದುದರಿಂದ, ಮಂತ್ರಿಮಂಡಲವು ಕೆಳಗಿಳಿದು, ವಿಧಾನಸಭೆಯು 1966ರ ಡಿಸೆಂಬರಿನಲ್ಲಿ ವಿಸರ್ಜಿತವಾಯಿತು. ಫಲಿತಾಂಶದಲ್ಲಿ ವಿಲೀನಕ್ಕೆ 1,38,170 ಮತಗಳೂ ಪ್ರತ್ಯೇಕತೆಗೆ 1,72,191 ಮತಗಳೂ ಬಂದುವು, ಅಂತರವು 34,021. ಸೋತ ಬಾಂದೋಡ್ಕರರೇ ಅದೇ ವರ್ಷದ ಚುನಾವಣೆಯಲ್ಲಿ ಗೆದ್ದು ಮರಳಿ ಮುಖ್ಯಮಂತ್ರಿಗಳಾದರೂ, ವಿಲೀನದ ಪ್ರಶ್ನೆಯು ಇತ್ಯರ್ಥವಾಗಿಯೇ ಉಳಿಯಿತು. ಯಾರು ಯಾವ ಕಡೆ, ಯಾವ ಕಾರಣಕ್ಕೆ ಎಂಬುದು ಮನೆಮನೆಗೆ ತಿಳಿದಿದ್ದು, ಯಾರ ಮತ ಯಾವ ಪೆಟ್ಟಿಗೆಗೆ ಬಿದ್ದಿತೆಂಬುದು ಯಾರಿಗೂ ತಿಳಿಯದೆ ಇದ್ದುದೇ ಆ ತೀರ್ಪಿನ ಬಲವೆಂದು ನನಗೆ ತೋರುತ್ತದೆ.

ಕೈಯೆತ್ತಿ ತೀರ್ಮಾನಿಸುವ ಪದ್ಧತಿಗೆ ಸ್ವಿಟ್ಜರ್ಲೆಂಡನ್ನು ಉದಾಹರಿಸುವವರುಂಟು. ಅಲ್ಲಿಯ ಗ್ಲಾರಸ್ ಮತ್ತು ಆಪೆನ್‌ಜೆಲ್ ಇನ್ನರ್‌ರೋಡನ್ ಪ್ರಾಂತಗಳಲ್ಲಿ ಪೌರರು ಇಂದಿಗೂ ಬಯಲಿನಲ್ಲಿ ನೆರೆದು ಕೈಯೆತ್ತಿ ಮತ ಕೊಡುತ್ತಾರೆ. ನಮ್ಮ ಗ್ರಾಮಸಭೆಯ ಸೋದರಿಯೆನ್ನಬಹುದಾದ ಸಭೆ ಅದು. ಆದರೆ ಆಪೆನ್‌ಜೆಲ್ ಇನ್ನರ್‌ರೋಡನ್ನಿನ ಗಂಡಸರು, ಹೆಂಗಸರಿಗೆ ಮತಾಧಿಕಾರ ಕೊಡುವ ಪ್ರಶ್ನೆಯನ್ನು 1990ರಲ್ಲಿ ಕೂಡ ಹಾಗೆಯೇ ಕೈಯೆತ್ತಿ ನಿರಾಕರಿಸಿದರೆಂಬುದನ್ನೂ, ಅದೇ ವರ್ಷದ ಕೊನೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅಡ್ಡಬಂದು ಹಕ್ಕನ್ನು ಕೊಡಿಸಬೇಕಾಯಿತೆಂಬುದನ್ನೂ ಮರೆಯಲಾಗದು. ನಮ್ಮ ಕಾಯಿದೆಯು ಗ್ರಾಮಸಭೆಗೆ ಬಂದವರಲ್ಲಿ ನೂರಕ್ಕೆ ಮೂವತ್ತು ಮಂದಿಯಾದರೂ ಸ್ತ್ರೀಯರಿರಬೇಕೆನ್ನುತ್ತದೆ. ಬಂದ ಸ್ತ್ರೀಯು ಗಂಡನ, ಮಾವನ, ಸಂಘದ ಸಾಲ ಕೊಡಿಸಿದವರ ಕಣ್ಣೆದುರಿನಲ್ಲಿ ಸ್ವತಂತ್ರವಾಗಿ ಕೈಯೆತ್ತಬಲ್ಲಳೇ ಎಂಬುದನ್ನು ಅದು ಕೇಳುವುದಿಲ್ಲ. ಈ ತೊಡಕನ್ನು ಮಹಾರಾಷ್ಟ್ರದವರು ಮದ್ಯದಂಗಡಿಯ ವಿಷಯದಲ್ಲಿ ಅರಿತುಕೊಂಡು, ಊರಿನ ಸ್ತ್ರೀಯರು ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಸುವ ಏರ್ಪಾಟನ್ನು ಮಾಡಿದ್ದಾರೆ: ಚೀಟಿಯಲ್ಲಿ ನಿಂತ ಸೀಸೆಯೊಂದು, ಮಲಗಿದ ಸೀಸೆಯೊಂದು, ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಸೀಸೆಗೆ ಗುರುತು ಹಾಕಿದರೆ ಅಂಗಡಿಯು ಮುಚ್ಚತಕ್ಕದ್ದು. ಅಕ್ಷರ ಬಾರದ ಮುದುಕಿಯೂ ಅಲ್ಲಿ ನಿರ್ಭಯವಾಗಿ ತೀರ್ಪು ಕೊಡುತ್ತಾಳೆ.

ಇನ್ನು ಬೆಂಬಲಿಗರ ಹೆಸರುಗಳ ಮಾತು. ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನವು 1911ರಿಂದ ಪ್ರಜೆಗಳೇ ಕಾನೂನನ್ನು ಸೂಚಿಸಿ ಮತಕ್ಕೆ ಹಾಕುವ ಅಧಿಕಾರವನ್ನು ಪಡೆದಿದೆ. ಮತದಾನಕ್ಕೆ ಮುಂಚೆ ಪ್ರತಿಯೊಬ್ಬ ಮತದಾರನ ಮನೆಗೂ ಸರಕಾರವು ಒಂದು ಪುಸ್ತಕವನ್ನು ಕಳುಹಿಸುತ್ತದೆ. ಅದರಲ್ಲಿ ಪ್ರತಿ ಸೂಚನೆಯ ಪರವಾದ ವಾದ, ವಿರುದ್ಧವಾದ ವಾದ, ಪರಸ್ಪರ ಖಂಡನೆ, ಕೆಳಗೆ ರುಜು ಹಾಕಿದವರ ಹೆಸರುಗಳು ಇರುತ್ತವೆ. ಯಾರು ಎಷ್ಟು ಹಣವನ್ನು ಕೊಟ್ಟರೆಂಬ ಲೆಕ್ಕವನ್ನೂ ಪ್ರಕಟಿಸಲಾಗುತ್ತದೆ. ಇದರಿಂದ ಹಣದ ಪ್ರಾಬಲ್ಯವೇನೂ ತಗ್ಗಲಿಲ್ಲ. 2020ರಲ್ಲಿ ಊಬರ್, ಲಿಫ್ಟ್ ಮೊದಲಾದ ಕಂಪೆನಿಗಳು ತಮ್ಮ ಚಾಲಕರನ್ನು ನೌಕರರೆಂದು ಪರಿಗಣಿಸಬಾರದೆಂಬ ಸೂಚನೆಯ ಗೆಲುವಿಗೆ 20 ಕೋಟಿ ಡಾಲರಿಗೂ ಹೆಚ್ಚು ವೆಚ್ಚಮಾಡಿ ಗೆದ್ದುವು. ಆದರೂ ಯಾರ ಹಣ ಯಾರ ಪ್ರಯೋಜನಕ್ಕಾಗಿ ಖರ್ಚಾಯಿತೆಂಬುದನ್ನು ಅಲ್ಲಿಯ ಪ್ರಜೆ ಬಲ್ಲನು. ನಮ್ಮ ಕಡೆ ಕರಪತ್ರವನ್ನು ಅಚ್ಚುಹಾಕಿಸಿದವರು ಯಾರು, ಪಾದಯಾತ್ರೆಗೆ ವಾಹನಗಳನ್ನು ಕೊಟ್ಟವರು ಯಾರು ಎಂಬುದು ನಡಾವಳಿಯ ಯಾವ ಪುಟದಲ್ಲಿಯೂ ಸಿಕ್ಕುವುದಿಲ್ಲ.

ಯಾರು ಏನು ಹೇಳಿದರೆಂಬುದನ್ನು ದಾಖಲಿಸುವ ಈ ವಿದ್ಯೆ ನಮ್ಮ ಕಾನೂನಿಗೂ ಅಪರಿಚಿತವಲ್ಲ. ತಳಕಳಲೆಯನ್ನೂ ಗೇರುಸೊಪ್ಪೆಯನ್ನೂ ಜೋಡಿಸಿ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕಟ್ಟಲು ಹೊರಟಾಗ, ಪರಿಸರ ಪರಿಣಾಮದ ಅಂದಾಜನ್ನು ಕುರಿತ 2006ರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆಯು 2025ರಲ್ಲಿ ನಡೆಯಿತು. ಅಂಥ ಸಭೆಯಲ್ಲಿ ಜನರ ಮಾತುಗಳು ಚಿತ್ರೀಕರಣವಾಗಬೇಕು, ಆಕ್ಷೇಪಗಳು ಸ್ಥಳದ ಭಾಷೆಯಲ್ಲಿ ಬರೆಯಲ್ಪಡಬೇಕು. ಆದರೆ ಅಲ್ಲಿ ಮತವಿಲ್ಲ. ಸಾವಿರ ಜನ ‘ಬೇಡ’ ಎಂದರೂ ಅದು ತೀರ್ಪಲ್ಲ. ಗ್ರಾಮಸಭೆಯಲ್ಲಿ ತೀರ್ಪಿದೆ, ಹೆಸರಿಲ್ಲ. ಇವೆರಡೂ ಒಂದೆಡೆ ಸೇರಿದುದನ್ನು ಒಡಿಶಾದ ನಿಯಮಗಿರಿಯಲ್ಲಿ ಕಂಡೆವು: 2013ರ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯವು, ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಆಗಬೇಕೆ ಎಂಬುದನ್ನು ಗ್ರಾಮಸಭೆಗಳೇ ವಿಚಾರಿಸಲೆಂದು ಆಜ್ಞಾಪಿಸಿತು; ಜಿಲ್ಲಾ ನ್ಯಾಯಾಧೀಶರ ಸಮಕ್ಷಮದಲ್ಲಿ ಡೋಂಗ್ರಿಯಾ ಕೊಂಧರು ಒಬ್ಬೊಬ್ಬರಾಗಿ ಎದ್ದು ತಮ್ಮ ಕಾರಣಗಳನ್ನು ಹೇಳಿದರು; ಹನ್ನೆರಡಕ್ಕೆ ಹನ್ನೆರಡು ಸಭೆಗಳೂ ನಿರಾಕರಿಸಿದುವು. ಅದೂ ಸರ್ವಾನುಮತವೇ, ಆದರೆ ಪ್ರತಿಯೊಂದು ಧ್ವನಿಯನ್ನೂ ಕೇಳಿದ ಮೇಲೆ ಬಂದ ಸರ್ವಾನುಮತವಾದುದರಿಂದ, ಬಲಶಾಲಿಯಾದ ಕಂಪೆನಿಗೂ ಅದನ್ನು ಮುರಿಯಲಾಗಲಿಲ್ಲ.

ಪ್ರಜಾಪ್ರಭುತ್ವದಲ್ಲಿ ಪ್ರಚಾರವು ಬಹಿರಂಗವಾಗಿರಬೇಕು, ಮತವು ಗುಪ್ತವಾಗಿರಬೇಕು. ನಮ್ಮ ಊರುಗಳಲ್ಲಿ ಇದು ತಲೆಕೆಳಗಾಗಿದೆ: ಪ್ರಚಾರಕನು ಮರೆಯಲ್ಲಿ, ಮತದಾರನು ಬಯಲಲ್ಲಿ. ಇದನ್ನು ನೆಟ್ಟಗೆ ಮಾಡುವುದಕ್ಕೆ ಹೊಸ ಸಂವಿಧಾನವೇನೂ ಬೇಕಾಗಿಲ್ಲ. ಇಂಥ ಗುರುತರವಾದ ಪ್ರಶ್ನೆಯು ಬಂದಾಗ, ಸಭೆಗೆ ಹದಿನೈದು ದಿನ ಮುಂಚಿತವಾಗಿ ಕರಡಿನ ಸಾರಾಂಶವನ್ನು ತಿಳಿಗನ್ನಡದಲ್ಲಿ ಅಚ್ಚುಮಾಡಿಸಿ, ಅದರೊಂದಿಗೆ ಪರವಾದ ಒಂದು ಪುಟವನ್ನೂ ವಿರುದ್ಧವಾದ ಒಂದು ಪುಟವನ್ನೂ, ಬರೆದವರ ಹೆಸರು ಮತ್ತು ಆ ವಿಷಯದಲ್ಲಿ ಅವರಿಗಿರುವ ಹಿತಾಸಕ್ತಿಯ ಸಹಿತವಾಗಿ ಮನೆಮನೆಗೆ ತಲಪಿಸಲಿ. ಚರ್ಚೆಯು ಮೊದಲು ವಾರ್ಡ್ ಸಭೆಗಳಲ್ಲಿ ನಡೆಯಲಿ. ತೀರ್ಮಾನವು ಚೀಟಿಯಿಂದ ಆಗಲಿ. ನಡಾವಳಿಯಲ್ಲಿ ಪರ ಎಷ್ಟು, ವಿರುದ್ಧ ಎಷ್ಟು, ಯಾವ ಯಾವ ಕಾರಣಗಳು ಮಂಡಿಸಲ್ಪಟ್ಟುವು ಎಂಬುದು ಸ್ಪಷ್ಟವಾಗಿ ನಮೂದಾಗಲಿ. ಹೆಸರುಗಳನ್ನು ಬರೆದರೆ ಊರು ಒಡೆದೀತೆಂದು ಹಿರಿಯರು ಅಂಜುತ್ತಾರೆ. ಅವರ ಅಂಜಿಕೆಯನ್ನು ನಾನು ಗೌರವಿಸುತ್ತೇನೆ; ಆದರೆ ಊರನ್ನು ಒಡೆಯುವುದು ಪಿಸುಮಾತೇ ಹೊರತು ರುಜು ಹಾಕಿದ ಮಾತಲ್ಲ. ಹಿತಾಸಕ್ತಿಯನ್ನು ಹೇಳಿಕೊಳ್ಳುವುದು ಅಪರಾಧವೂ ಅಲ್ಲ. ಕ್ವಾರಿಯ ಒಡೆಯನು ‘ಇದರಲ್ಲಿ ನನ್ನ ಜೀವನವಿದೆ’ ಎಂದು ಎದ್ದು ಹೇಳಿದರೆ, ಕೇಳುವವರು ಅದನ್ನು ಅದರ ತೂಕಕ್ಕೆ ತಕ್ಕಂತೆ ಗ್ರಹಿಸುತ್ತಾರೆ.

ಪಶ್ಚಿಮಘಟ್ಟದ ಅಧಿಸೂಚನೆಯ ಪ್ರಶ್ನೆಯು ಮತ್ತೆ ಈ ಊರುಗಳ ಬಾಗಿಲಿಗೆ ಬರುವುದರಲ್ಲಿ ಸಂದೇಹವಿಲ್ಲ. ಆದಕಾರಣ ಈ ಮೂರು ತಾಲ್ಲೂಕುಗಳ ಪಂಚಾಯಿತಿ ಅಧ್ಯಕ್ಷರಲ್ಲಿಯೂ ಸದಸ್ಯರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು: ಆ ದಿನಕ್ಕೆ ಮುಂಚೆಯೇ ಎರಡು ಕಡೆಯ ವಾದಗಳನ್ನೂ ಬರೆಯಿಸಿ ಜನರ ಕೈಗೆ ಕೊಡಿರಿ. ಮತದಾರ ಬಂಧುಗಳೇ, ನೀವು ಪರವಾಗಿರಲಿ, ವಿರುದ್ಧವಾಗಿರಲಿ, ಸಭೆಗೆ ತಪ್ಪದೆ ಹೋಗಿರಿ. ಚೀಟಿಯ ಮತವನ್ನು ಕೇಳಿರಿ. ಎದ್ದುನಿಂತು ಮಾತಾಡಿದವರು ತಮ್ಮ ಹೆಸರೂ ತಮ್ಮ ಕಾರಣವೂ ನಡಾವಳಿಯಲ್ಲಿ ಬರೆಯಲ್ಪಟ್ಟುದನ್ನು ಕಣ್ಣಾರೆ ಕಂಡ ಮೇಲೆಯೇ ರುಜು ಹಾಕಿರಿ.